ಓತಿ ಕಂಡವರು, ಓತಿ ಕಾಣದವರು

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಹೊರಬಂದದ್ದು 1980ರಲ್ಲಿ. ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಹಾರುವ ಓತಿ ತಪ್ಪಿಸಿಕೊಂಡು ಘಟ್ಟದ ಕಣಿವೆಯತ್ತ ತೇಲಿಹೋಗುವಲ್ಲಿಗೆ ಆ ಕಾದಂಬರಿ ಮುಗಿಯುತ್ತದೆ. ಪುಸ್ತಕ ಮುಗಿದರೂ ಓತಿಯ ಹಾರಾಟ ಮುಗಿದಿಲ್ಲ. ಮೂಡಿಗೆರೆ, ಸಕಲೇಶಪುರ, ಆಲೂರು ಸೀಮೆಯ ಹುಡುಗ ಹುಡುಗಿಯರು ವಿಜ್ಞಾನದ ಕಥೆ ಬರೆಯಲು ಕೂತರೆ ಎಲ್ಲೋ ಒಂದು ಪುಟದಲ್ಲಿ ಅದು ಬಂದು ಕೂರುತ್ತದೆ. ಓತಿ ಇಲ್ಲದಿದ್ದರೆ ಅದೇ ಕಾದಂಬರಿಯ ಕಿವಿ ಎಂಬ ಹೆಸರಿನ ನಾಯಿ. ನಾಯಿಯೂ ಇಲ್ಲದಿದ್ದರೆ ಜೇನಿನ ಬೆನ್ನು ಹತ್ತಿದ ಒಬ್ಬ ಮಂದಣ್ಣ.

ಒಂದು ಕಥೆ ಟಿಸಿಲೊಡೆದು ಇನ್ನೊಂದು ಕಥೆ ಹುಟ್ಟುವುದು, ಹುಟ್ಟುವಾಗ ತಾಯಿಕಥೆಯ ಹೆಸರು, ಮಾತು, ಸನ್ನಿವೇಶಗಳನ್ನು ಎತ್ತಿಕೊಂಡು ಬರುವುದು, ನಡುನಡುವೆ ಬಲ್ಲವರಿಗಷ್ಟೇ ತಿಳಿಯುವಂಥ ತಮಾಷೆಯೊಂದನ್ನು ಹುದುಗಿಸಿಡುವುದು ಇವತ್ತು ವಿಜ್ಞಾನ ಕಥೆಗಳ ಲೋಕದಲ್ಲಿ ಎಲ್ಲೆಲ್ಲೂ ಇದೆ. ಸಿನಿಮಾದಲ್ಲಿ, ಸರಣಿಗಳಲ್ಲಿ, ಕಾದಂಬರಿಗಳಲ್ಲಿ ಅದೇ ಒಂದು ದೊಡ್ಡ ಸೆಳೆತವಾಗಿದೆ. ಕನ್ನಡದ ಹೊಸಬರಿಗೂ ಅದರ ರುಚಿ ಹತ್ತಿದೆ. ಇದರ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರವಲು ತರುವುದರಲ್ಲಿ ತಪ್ಪೇನೂ ಇಲ್ಲ. ಕನ್ನಡ ಸಾಹಿತ್ಯ ಬೆಳೆದದ್ದೇ ಎರವಲಿನಿಂದ. ಆದರೆ ತಂದ ಮಾತು, ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲದ ಓದುಗನ ಪಾಲಿಗೂ ಕಥೆಯೊಳಗೆ ಒಂದು ಕೆಲಸ ಮಾಡಬೇಕು. ಆ ಕೆಲಸ ಮಾಡದ ಎರವಲು ಓದುಗರನ್ನು ಒಳಗಿನವರು, ಹೊರಗಿನವರು ಎಂದು ಎರಡು ಪಂಕ್ತಿಯಲ್ಲಿ ಕೂರಿಸುತ್ತದೆ. ಪಂಕ್ತಿಭೇದದ ನೋವು ಏನೆಂದು ನಮ್ಮ ಸಮಾಜಕ್ಕೆ ಬೇರೆ ಹೇಳಿಕೊಡಬೇಕಿಲ್ಲ.

'ಕರ್ವಾಲೊ' ವಿಜ್ಞಾನ ಕಥೆಯೇ ಎಂದು ಕೇಳುವವರಿದ್ದಾರೆ. ರಾಕೆಟ್ಟಿಲ್ಲ, ಯಂತ್ರಮಾನವನಿಲ್ಲ, ರಾಜಶೇಖರ ಭೂಸನೂರಮಠರ ಕೃತಿಗಳಲ್ಲಿ ಬರುವಂಥ ಬಾಹ್ಯಾಕಾಶವೂ ಇಲ್ಲ. ಆದರೂ ಅದು ವಿಜ್ಞಾನ ಕಥೆಯೇ ಎಂಬುದು ನನ್ನ ವಾದ. ಪಶ್ಚಿಮಘಟ್ಟದಲ್ಲಿ, ಕರಾವಳಿಯ ಅಡಿಕೆ ತೋಟಗಳಲ್ಲಿ ಹಾರುವ ಓತಿ ನಿಜವಾಗಿಯೂ ಇದೆ; ಪಕ್ಕೆಲುಬಿನ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಆ ಜೀವಿಯನ್ನು ನೋಡಿದವರು ಬಹಳ ಮಂದಿ. ಕಾದಂಬರಿಯ ಓತಿ ಅದರಿಂದ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾಲದ ಹೊಡೆತಕ್ಕೆ ಸಿಕ್ಕದೆ ಕೋಟ್ಯಂತರ ವರ್ಷಗಳ ಹಿಂದಿನಿಂದ ಉಳಿದುಬಂದ ಜೀವಿ ಅದು. ಹೀಗೂ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಒಂದು ಊಹೆಯನ್ನು ನಡುವಿಗಿಟ್ಟು ಅದರ ಸುತ್ತ ಜನರನ್ನು ಓಡಿಸುವುದೇ ವಿಜ್ಞಾನ ಕಥೆಯ ಕೆಲಸ. ತೇಜಸ್ವಿ ಮಾಡಿದ್ದು ಅದನ್ನೇ, ರೈತರನ್ನೂ ಜೇನು ಕೀಳುವವರನ್ನೂ ಇಟ್ಟುಕೊಂಡು ಮಾಡಿದರು.

ತಮ್ಮ ಕಥೆಯಿಂದ ತಾವೇ ಎರವಲು ತರುವುದರಲ್ಲೂ ಅವರು ಗಟ್ಟಿಗರು. 'ಕರ್ವಾಲೊ'ದಲ್ಲಿ ಓಡಾಡಿದ ಕಿವಿ ಎಂಬ ನಾಯಿ, ಪ್ಯಾರ ಎಂಬ ಆಳು 1991ರ 'ಪರಿಸರದ ಕತೆ'ಯಲ್ಲಿ ಮತ್ತೆ ಬರುತ್ತಾರೆ. ಮೊದಲನೆಯದನ್ನು ಓದಿದವರಿಗೆ ಹಳೆಯ ನೆಂಟರನ್ನು ಸಂತೆಯಲ್ಲಿ ಕಂಡ ಹಿಗ್ಗು. ಓದದವರಿಗೂ ಯಾವ ತೊಂದರೆಯೂ ಇಲ್ಲ, ಏಕೆಂದರೆ ಪ್ರತಿ ಕಥೆಯಲ್ಲೂ ಕಿವಿ ಹೊಸದಾಗಿ ಬೊಗಳುತ್ತದೆ, ಹೊಸದಾಗಿ ಅವಾಂತರ ಮಾಡುತ್ತದೆ. ಪರಿಚಯವನ್ನು ಅದು ತಾನೇ ಗಳಿಸಿಕೊಳ್ಳುತ್ತದೆ, ಹಿಂದಿನ ಪುಸ್ತಕದ ಪುಣ್ಯದ ಮೇಲೆ ಬದುಕುವುದಿಲ್ಲ.

ಟಿಸಿಲು ಕಥೆ ಹೊರದೇಶದ ಸಿನಿಮಾ ಕಂಪನಿಗಳ ಹೊಸ ಹುನ್ನಾರ ಅಂದುಕೊಂಡವರು ಒಮ್ಮೆ ರನ್ನನನ್ನು ನೆನೆಯಬೇಕು. ಪಂಪ 'ವಿಕ್ರಮಾರ್ಜುನ ವಿಜಯ' ಬರೆದದ್ದು 941ರ ಸುಮಾರಿಗೆ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಆ ಕಾವ್ಯದ 13ನೆಯ ಆಶ್ವಾಸವನ್ನು ಹಿಡಿದು, ಅದನ್ನೇ ಹಿಗ್ಗಿಸಿ 'ಗದಾಯುದ್ಧ' ಕಟ್ಟಿದ. ಸಂಸ್ಕೃತದ 'ಊರುಭಂಗ', 'ವೇಣೀಸಂಹಾರ' ನಾಟಕಗಳ ಸಾಮಗ್ರಿ ಅದರಲ್ಲಿದೆ. ಪಂಪನ ಮಾತುಗಳೇ ಹಲವು ಕಡೆ ಇವೆ. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಅದೊಂದು ಅಪ್ಪಟ ಟಿಸಿಲು ಕೃತಿ. ಹಾಗಿದ್ದೂ ಅದು ಸ್ವತಂತ್ರ ಮಹಾಕಾವ್ಯವಾಗಿ ನಿಂತದ್ದು ಹೇಗೆ?

ರನ್ನ ಮಾಡಿದ ಉಪಾಯವನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಪರೀಕ್ಷೆಗೆ ಓದಿರುತ್ತಾರೆ: ಸಿಂಹಾವಲೋಕನ ಕ್ರಮ. ಯುದ್ಧ ಮುಗಿಯುವ ಘಟ್ಟದಲ್ಲಿ ಕಥೆ ಶುರುವಾಗುತ್ತದೆ. ಹಿಂದೆ ನಡೆದದ್ದೆಲ್ಲ ಪಾತ್ರಗಳ ಬಾಯಲ್ಲಿ, ಅವರ ಸಿಟ್ಟಿನಲ್ಲಿ, ಅಳುವಿನಲ್ಲಿ ಹೊರಗೆ ಬರುತ್ತದೆ. ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು ಕಾಣುತ್ತಾನೆ, ಅಭಿಮನ್ಯುವನ್ನು ಕಾಣುತ್ತಾನೆ, ದುಶ್ಶಾಸನನನ್ನು, ಕರ್ಣನನ್ನು ಕಾಣುತ್ತಾನೆ. ಪ್ರತಿ ಹೆಣವೂ ಒಂದು ಹಿಂದಿನ ಕಥೆಯ ನೆನಪು. ಅಂದರೆ ಹಿಂದಿನ ಕಾವ್ಯದ ಉಲ್ಲೇಖ ಇಲ್ಲಿ ಓದುಗನ ಜಾಣ್ಮೆಯನ್ನು ಅಳೆಯುವ ಪ್ರಶ್ನೆಯಾಗಿ ಬರುವುದಿಲ್ಲ, ದುರ್ಯೋಧನನ ಸಂಕಟವಾಗಿ ಬರುತ್ತದೆ. ಪಂಪನನ್ನು ಓದದವನಿಗೂ ಆ ಸಂಕಟ ತಟ್ಟುತ್ತದೆ. ಓದಿದವನಿಗೆ ಅದು ಎರಡು ಪಟ್ಟಾಗಿ ತಟ್ಟುತ್ತದೆ, ಅಷ್ಟೇ ವ್ಯತ್ಯಾಸ.

ಅದೇ ಕಾವ್ಯದಲ್ಲಿ ಇನ್ನೊಂದು ಬಗೆಯ ಉಲ್ಲೇಖವೂ ಇದೆ. ರನ್ನ ತನ್ನ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನ ಜೊತೆ ಸಮೀಕರಿಸುತ್ತಾನೆ. ಅದಕ್ಕೇ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಸಮೀಕರಿಸಿದ ಹಾಗೆಯೇ. ಅಂದಿನ ಚಾಳುಕ್ಯ ಆಸ್ಥಾನದಲ್ಲಿ ಕೂತವರಿಗೆ ಭೀಮನ ಒಂದೊಂದು ಬಿರುದೂ ತಮ್ಮ ದೊರೆಯ ಯಾವುದೋ ಸಂಗತಿಯನ್ನು ನೆನಪಿಸಿ ಮುಖ ಅರಳಿಸಿರಬೇಕು. ಅದು ಒಳಗಿನವರ ಖುಷಿ. ಸಾವಿರ ವರ್ಷ ಕಳೆದ ಮೇಲೆ ಆ ಖುಷಿಗೆ ಅಡಿಟಿಪ್ಪಣಿ ಬೇಕಾಗಿದೆ. ದುರ್ಯೋಧನನ ಗೋಳಿಗೆ ಯಾವ ಅಡಿಟಿಪ್ಪಣಿಯೂ ಬೇಕಾಗಿಲ್ಲ. ಎರಡೂ ಎರವಲೇ, ಒಬ್ಬನೇ ಕವಿ ತಂದದ್ದೇ. ಯಾವುದು ಉಳಿಯಿತು, ಯಾವುದು ಬತ್ತಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಬೇರೆಲ್ಲೂ ಕಂಡಿಲ್ಲ.

ಇಂಗ್ಲಿಷಿನ ವಿಜ್ಞಾನ ಕಥೆಗಳಿಗೆ ಬಂದರೆ, ಈ ವಿಷಯದಲ್ಲಿ ನನಗೆ ಬಹಳ ಪ್ರಿಯವಾದ ಪುಸ್ತಕ ಬಾರ್ಬರಾ ಹ್ಯಾಂಬ್ಲಿಯವರ 'ಇಷ್ಮೇಲ್'. 1985ರಲ್ಲಿ ಬಂದ ಅದು 'ಸ್ಟಾರ್ ಟ್ರೆಕ್' ಸರಣಿಯ ಟಿಸಿಲು. ಅದರ ಹಿಂದಿನ ತಮಾಷೆ ಹೀಗಿದೆ. ಸರಣಿಯ ಮುಖ್ಯ ಪಾತ್ರ ಸ್ಪಾಕ್‌ನ ತಂದೆಯಾಗಿ ಮಾರ್ಕ್ ಲೆನಾರ್ಡ್ ಎಂಬ ನಟ ಅಭಿನಯಿಸಿದ್ದರು. ಅದೇ ನಟ ಅದೇ ಕಾಲದ ಬೇರೊಂದು ಟಿವಿ ಧಾರಾವಾಹಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಸಿಯಾಟಲ್ ಊರಿನ ಆರನ್ ಸ್ಟೆಂಪಲ್ ಎಂಬ ಮರದ ಮಿಲ್ಲಿನ ಮಾಲೀಕನಾಗಿಯೂ ಅಭಿನಯಿಸಿದ್ದರು. ಎರಡು ಧಾರಾವಾಹಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಮುಖ ಮಾತ್ರ ಒಂದೇ. ಹ್ಯಾಂಬ್ಲಿ ಇದನ್ನೇ ಹಿಡಿದರು. ಕಾಲದಲ್ಲಿ ಹಿಂದಕ್ಕೆ ಬಿದ್ದ ಸ್ಪಾಕ್ 1867ರ ಸಿಯಾಟಲ್‌ನಲ್ಲಿ ನೆನಪು ಕಳೆದುಕೊಂಡು ಗಾಯಗೊಂಡಿರುತ್ತಾನೆ. ಅವನನ್ನು ಎತ್ತಿ ಮನೆಗೆ ತಂದು, ಇಷ್ಮೇಲ್ ಎಂದು ಹೆಸರಿಟ್ಟು, ತನ್ನ ನೆಂಟ ಎಂದು ಊರಿಗೆ ಹೇಳುವವನು ಆ ಸ್ಟೆಂಪಲ್.

ಎರಡೂ ಧಾರಾವಾಹಿ ನೋಡಿದವರು ಇದನ್ನು ಓದಿ ಎಷ್ಟು ನಕ್ಕಿರಬಹುದು! ನಾನು ಅವರಲ್ಲಿ ಒಬ್ಬನಲ್ಲ. ಆಲೂರಿನಲ್ಲಿ ಕೂತು ಆ ಮರದ ಮಿಲ್ಲಿನವನ ಧಾರಾವಾಹಿ ನೋಡುವ ದಾರಿ ನನಗೆ ಇರಲಿಲ್ಲ. ನಾನು ಓದಿದ್ದು ಬೇರೆಯದೇ ಕಥೆ. ತಾನು ಯಾರೆಂದು ಗೊತ್ತಿಲ್ಲದ ಒಬ್ಬ ಪರದೇಶಿಗೆ, ಅವನ ಚಹರೆ ತಮ್ಮ ಹಾಗಿಲ್ಲ ಎಂದು ಗೊತ್ತಿದ್ದೂ ಅನ್ನ ಹಾಕಿದ ಒಬ್ಬ ಒರಟ ಮನುಷ್ಯನ ಕಥೆ. ತಮಾಷೆ ತಿಳಿಯದೆಯೇ ಕಣ್ಣು ಒದ್ದೆಯಾಯಿತು. ತಮಾಷೆ ಆಮೇಲೆ ತಿಳಿದಾಗ ಕಥೆಗೆ ಇನ್ನೊಂದು ಪದರ ಕೂಡಿತು.

ಇಲ್ಲಿ ಕಸುಬಿನ ಒಂದು ಗುಟ್ಟು ಇದೆ. ಸ್ಪಾಕ್‌ಗೇ ತನ್ನ ಹಿನ್ನೆಲೆ ಮರೆತುಹೋಗಿರುವುದರಿಂದ ಅವನೂ ಹೊಸ ಓದುಗನೂ ಒಂದೇ ಮಟ್ಟದಲ್ಲಿ ನಿಲ್ಲುತ್ತಾರೆ. ಪಾಲ್ ಕಾರ್ನೆಲ್ 1995ರಲ್ಲಿ ಬರೆದ 'ಹ್ಯೂಮನ್ ನೇಚರ್' ಎಂಬ, 'ಡಾಕ್ಟರ್ ಹೂ' ಟಿವಿ ಸರಣಿಯ ಟಿಸಿಲು ಕಾದಂಬರಿಯಲ್ಲೂ ಇದೇ ಉಪಾಯ: ನಾಯಕ ತಾನು ಯಾರೆಂಬುದನ್ನು ಮರೆತು, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿ, ಪ್ರೀತಿಯಲ್ಲಿ ಬೀಳುತ್ತಾನೆ. ರನ್ನ ತನ್ನ ಪಾತ್ರಗಳಿಗೆ ಎಲ್ಲವನ್ನೂ ನೆನಪಿಸಿ ಓದುಗನನ್ನು ಒಳಗೆ ಕರೆದುಕೊಂಡ. ಇವರಿಬ್ಬರು ಎಲ್ಲವನ್ನೂ ಮರೆಸಿ ಕರೆದುಕೊಂಡರು. ದಾರಿ ಎದುರುಬದುರಾದರೂ ಮೂವರಿಗೂ ಒಂದೇ ಕಾಳಜಿ: ಹಿಂದಿನದನ್ನು ಅರಿಯದವನು ಹೊರಗೆ ನಿಲ್ಲಬಾರದು.

ತೇಜಸ್ವಿಯವರದು ಮೂರನೆಯ ದಾರಿ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆಂದದ್ದು. 'ಕರ್ವಾಲೊ'ದಲ್ಲಿ ತಿಳಿವಳಿಕೆ ಒಬ್ಬರ ಹತ್ತಿರ ಇಲ್ಲ. ವಿಜ್ಞಾನಿ ಕರ್ವಾಲೊಗೆ ಕೀಟಗಳ ಶಾಸ್ತ್ರ ಗೊತ್ತು, ಮಂದಣ್ಣನಿಗೆ ಕಾಡು ಗೊತ್ತು, ಕಥೆ ಹೇಳುವ ಕೃಷಿಕನಿಗೆ ಎರಡೂ ಅರೆಬರೆ ಗೊತ್ತು. ಊರಿನವರು ಉಂಡಾಡಿ ಎಂದು ಕಂಡ ಮಂದಣ್ಣನಲ್ಲಿ ವಿಜ್ಞಾನಿ ಒಬ್ಬ ಅಪ್ಪಟ ನಿಸರ್ಗತಜ್ಞನನ್ನು ಕಾಣುತ್ತಾರೆ. ಹಾಗಾಗಿ ಯಾವ ಓದುಗನಿಗೂ ತನಗೇನೂ ಗೊತ್ತಿಲ್ಲ ಎಂಬ ಕೀಳರಿಮೆ ಹುಟ್ಟುವುದಿಲ್ಲ. 1994ರ 'ಜುಗಾರಿ ಕ್ರಾಸ್' ಅನ್ನೇ ನೋಡಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿಯರ ಕೈಗೆ ಹಳೆಗನ್ನಡ ಕಾವ್ಯದ ಹಸ್ತಪ್ರತಿ ಸಿಗುತ್ತದೆ, ಅದರೊಳಗೆ ರತ್ನದ ಗಣಿಯ ಸುಳಿವಿದೆ. ಹಳೆಗನ್ನಡ ಓದಿದವರಿಗೆ ಅಲ್ಲಿ ಬೇರೆಯೇ ಸೊಗಸು. ಆದರೆ ಆ ದಂಪತಿಗೂ ಅದು ಸಲೀಸಾಗಿ ಅರ್ಥವಾಗದ್ದರಿಂದ, ಅರ್ಥವಾಗದ ಓದುಗ ಅವರ ಜೊತೆಗೇ ತಲೆ ಕೆಡಿಸಿಕೊಂಡು ಓಡುತ್ತಾನೆ.

ಎರವಲು ತಂದು ಋಣ ಒಪ್ಪಿಕೊಳ್ಳುವುದಕ್ಕೂ ಒಂದು ಸೊಗಸಾದ ಉದಾಹರಣೆ ಇದೆ. ಉರ್ಸುಲಾ ಲೆ ಗ್ವಿನ್ 1966ರ 'ರೊಕ್ಯಾನನ್ಸ್ ವರ್ಲ್ಡ್' ಕಾದಂಬರಿಯಲ್ಲಿ, ನಕ್ಷತ್ರಗಳ ನಡುವಿನ ದೂರವನ್ನು ಲೆಕ್ಕಿಸದೆ ತಕ್ಷಣ ಸುದ್ದಿ ಮುಟ್ಟಿಸುವ ಯಂತ್ರವೊಂದನ್ನು ಕಲ್ಪಿಸಿ ಅದಕ್ಕೆ ಆನ್ಸಿಬಲ್ ಎಂದು ಹೆಸರಿಟ್ಟರು. ಆರ್ಸನ್ ಸ್ಕಾಟ್ ಕಾರ್ಡ್ 1985ರ 'ಎಂಡರ್ಸ್ ಗೇಮ್'ನಲ್ಲಿ ಅದೇ ಯಂತ್ರ, ಅದೇ ಹೆಸರು ಬಳಸಿದರು. ಯಾರೋ ಒಂದು ಹಳೆಯ ಪುಸ್ತಕದಿಂದ ಆ ಹೆಸರನ್ನು ಹೆಕ್ಕಿ ತಂದರೆಂದು ಪಾತ್ರವೊಂದರ ಬಾಯಲ್ಲೇ ಹೇಳಿಸಿದರು. ಬಲ್ಲವರಿಗೆ ಅದು ಹಿರಿಯ ಲೇಖಕಿಗೆ ಮಾಡಿದ ನಮಸ್ಕಾರ. ಅರಿಯದವರಿಗೆ ಅದು ಬರೀ ಒಂದು ಯಂತ್ರದ ಹೆಸರು, ಕಥೆ ನಿಲ್ಲುವುದಿಲ್ಲ.

ಇದರ ಎದುರು ಡಗ್ಲಸ್ ಆಡಮ್ಸ್ ಅವರ ಕಥೆಯ 42ಕ್ಕೆ ಆದ ಗತಿ ನೋಡಿ. ಬದುಕಿನ ಅಂತಿಮ ಪ್ರಶ್ನೆಗೆ ಮಹಾಯಂತ್ರ ಕೊಟ್ಟ ಉತ್ತರ 42, ಆದರೆ ಪ್ರಶ್ನೆ ಏನೆಂದೇ ಯಾರಿಗೂ ಗೊತ್ತಿಲ್ಲ. ಮೂಲದಲ್ಲಿ ಅದು ಎಷ್ಟು ಆಳವಾದ ನಗೆ! ಆಮೇಲೆ ಬಂದವರು ಪ್ರಶ್ನೆಯನ್ನು ಬಿಟ್ಟರು, ಸಂಖ್ಯೆಯನ್ನು ಮಾತ್ರ ಹೊತ್ತರು. ಕೋಣೆಯ ಬಾಗಿಲ ಮೇಲೆ 42, ನೌಕೆಯ ಮೈಮೇಲೆ 42. ಗುರುತು ಹಿಡಿದವನಿಗೆ ಗುರುತು ಹಿಡಿದ ಸಮಾಧಾನ ಬಿಟ್ಟು ಇನ್ನೇನೂ ಸಿಗುವುದಿಲ್ಲ. ಜಾರ್ಜ್ ಲ್ಯೂಕಾಸ್ ತಮ್ಮ 1971ರ ಚಿತ್ರದ ಹೆಸರಲ್ಲಿದ್ದ 1138 ಎಂಬ ಸಂಖ್ಯೆಯನ್ನು 1977ರ 'ಸ್ಟಾರ್ ವಾರ್ಸ್'ನ ಸೆರೆಮನೆಗೆ ಕೊಟ್ಟಂಥವು ನಿರಪಾಯ. ಅಲ್ಲಿ ಯಾವುದೋ ಒಂದು ಸಂಖ್ಯೆ ಬೇಕೇ ಇತ್ತು, ಬಂತು, ಹೋಯಿತು. ಎರವಲೇ ಹೂರಣವಾದಾಗ ಅಪಾಯ ಶುರು. ಅರ್ನೆಸ್ಟ್ ಕ್ಲೈನ್ ಅವರ 2011ರ 'ರೆಡಿ ಪ್ಲೇಯರ್ ಒನ್' ಹಾಗಿದೆ. 1980ರ ದಶಕದ ಅಮೆರಿಕದ ಆಟ, ಸಿನಿಮಾ, ಹಾಡುಗಳನ್ನು ಯಾರು ಹೆಚ್ಚು ಬಾಯಿಪಾಠ ಮಾಡಿದ್ದಾರೋ ಅವರಿಗೆ ಇಡೀ ಸಂಪತ್ತು ಸಿಗುವ ಲೋಕ ಅದು. ಮಂದಣ್ಣನಂಥವನು ಅಲ್ಲಿ ಬಾಗಿಲ ಹತ್ತಿರವೂ ಸುಳಿಯಲಾರ. 'ಕರ್ವಾಲೊ'ದಲ್ಲಿ ಬಲ್ಲವರಿಗೂ ಅರಿಯದವರಿಗೂ ಓತಿ ಸಮನಾಗಿ ತಪ್ಪಿಸಿಕೊಳ್ಳುತ್ತದೆ. ಈ ಎರಡು ಪುಸ್ತಕಗಳಲ್ಲಿ ಜ್ಞಾನದ ಬಗ್ಗೆ ಎರಡು ಬೇರೆ ಬೇರೆ ನಂಬಿಕೆಗಳಿವೆ. ನಾನು ಯಾವ ಕಡೆ ಎಂದು ಹೇಳಬೇಕಿಲ್ಲ.

ಆಲೂರಿನ ಕಡೆಯ ವಿದ್ಯಾರ್ಥಿಗಳಿಗೆಂದು ನಡೆದ ಕಥಾಸ್ಪರ್ಧೆಯೊಂದಕ್ಕೆ ತೀರ್ಪು ಕೊಡಲು ನನ್ನನ್ನೂ ಕರೆದಿದ್ದರು. ಅಲ್ಲಿ ಓದಿದ ಎರಡು ಕಥೆಗಳನ್ನು ಇಲ್ಲಿ ಹೇಳಲೇಬೇಕು.

ಮೊದಲನೆಯದು ಪಿಯುಸಿ ಹುಡುಗನೊಬ್ಬನದು. ಕರ್ವಾಲೊರ ಶಿಷ್ಯನ ಮೊಮ್ಮಗ ಬಿಸಿಲೆ ಕಾಡಿಗೆ ಡ್ರೋನ್ ತೆಗೆದುಕೊಂಡು ಹೋಗುತ್ತಾನೆ. ಹುಡುಗನಿಗೆ ಭಾಷೆ ಚೆನ್ನಾಗಿತ್ತು, ಓಟವಿತ್ತು. ಆದರೆ ಪ್ರತಿ ಪುಟದಲ್ಲೂ ಒಂದೊಂದು ಕಣ್ಸನ್ನೆ. ಡ್ರೋನಿನ ಹೆಸರು ಥ್ಯಾನೋಸ್. ಮರವೊಂದು ತನ್ನ ಹೆಸರು ಗ್ರೂಟ್ ಎಂದು ಹೇಳುತ್ತದೆ. ಖಳನಾಯಕ 'ಕೆಜಿಎಫ್' ಧಾಟಿಯಲ್ಲಿ ಮಾತಾಡುತ್ತಾನೆ. ಕೊನೆಗೆ ಸಿಗುವ ಓತಿಯ ಬೆನ್ನ ಮೇಲೆ 42 ಎಂದು ಬರೆದಿರುತ್ತದೆ. ಇವಿಷ್ಟನ್ನೂ ತೆಗೆದರೆ ಕಥೆಯಲ್ಲಿ ಏನು ಉಳಿಯುತ್ತದೆ ಎಂದು ನಾನು ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತ ಹೋದೆ. ಮಳೆ ನಿಂತ ಮೇಲೆ ಕಾಡಿನ ದಾರಿಯಲ್ಲಿ ಜಿಗಣೆ ಕೀಳುತ್ತ ಅಜ್ಜನನ್ನು ನೆನೆಯುವ ಅರ್ಧ ಪುಟ ಉಳಿಯಿತು. ಅದು ನಿಜವಾಗಿಯೂ ಒಳ್ಳೆಯ ಅರ್ಧ ಪುಟ. ಕಾಫಿ ಗಿಡದಲ್ಲಿ ನೆಟ್ಟಗೆ ಮೇಲಕ್ಕೇಳುವ ಕಂಬಚಿಗುರು ನೋಡಲು ಸೊಂಪಾಗಿರುತ್ತದೆ, ಗಿಡದ ಸತ್ವ ಕುಡಿಯುತ್ತದೆ, ಹಣ್ಣು ಬಿಡುವುದಿಲ್ಲ. ಗಿಡ ಸವರಿ ಕಸಿ ಮಾಡುವಾಗ ಅದನ್ನು ಮೊದಲು ಮುರಿಯುತ್ತಾರೆ. ಆ ಹುಡುಗನ ಕಥೆಗೆ ಬೇಕಿದ್ದದ್ದು ಅದೇ ಕಸಿ.

ಎರಡನೆಯ ಕಥೆ ಹೈಸ್ಕೂಲಿನ ಹುಡುಗಿಯೊಬ್ಬಳದು. ಕಾಡಾನೆಗಳನ್ನು ತೋಟದಿಂದ ದೂರ ಇಡಲು ಮುಂದೊಂದು ಕಾಲದಲ್ಲಿ ಯಂತ್ರದ ಆನೆಯೊಂದನ್ನು ಮಾಡಿದ್ದಾರೆ, ಅದಕ್ಕೆ ಅರ್ಜುನ ಎಂದು ಹೆಸರು. ನಮ್ಮ ಕಡೆಯವರಿಗೆ ಈ ಹೆಸರು ಸಾಕು. ಮೈಸೂರು ದಸರಾದಲ್ಲಿ 8 ಸಲ ಅಂಬಾರಿ ಹೊತ್ತ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಸಲಗವೊಂದರ ಜೊತೆ ಕಾದಾಡಿ 2023ರ ಡಿಸೆಂಬರ್ 4ರಂದು ಸತ್ತಿತು. ಅವತ್ತು ಇಲ್ಲಿ ಅತ್ತವರಿಗೆ ಲೆಕ್ಕವಿಲ್ಲ. ಆದರೆ ಹುಡುಗಿ ಹೆಸರಿನ ಮೇಲೆ ಭಾರ ಹಾಕಿ ಸುಮ್ಮನಾಗಲಿಲ್ಲ. ಯಂತ್ರ ಮಾಡಿದ ಎಂಜಿನಿಯರಿಗೆ ಅದು ಹಿಂದೆ ಸರಿಯುವುದನ್ನು ಮೊದಲು ಕಲಿಸಬೇಕೆಂಬ ಹಟ. ಏಕೆ ಎಂದು ಇನ್ನೊಬ್ಬರು ಕೇಳಿದರೆ, ಹಿಂದೆ ಸರಿಯಲು ಬಿಡದೆ ನಾವು ಒಂದನ್ನು ಕಳೆದುಕೊಂಡಿದ್ದೇವೆ ಎಂದಷ್ಟೇ ಉತ್ತರ. ಬೀದರಿನ ಓದುಗನಿಗೂ ಆ ಒಂದು ಉತ್ತರ ಸಾಕು.

ಕಥೆಯ ಮುಕ್ಕಾಲು ಪಾಲು ಆ ಯಂತ್ರ ರಾತ್ರಿಯೆಲ್ಲ ಬರೆದುಕೊಳ್ಳುವ ದಾಖಲೆಯ ರೂಪದಲ್ಲಿದೆ. ಗಂಟೆ, ಚಳಿ ಎಷ್ಟು, ಹತ್ತಿರ ಬಂದದ್ದು ಯಾವ ಪ್ರಾಣಿ. ಆನೆ, ಒಂದು, ಗಂಡು. ಕಾಡುಹಂದಿ, ಮೂರು. ಮನುಷ್ಯ, ಒಬ್ಬ, ಕುಡಿದಿದ್ದಾನೆ. ಇಲ್ಲಿಯ ಕಾಡಾನೆಗಳಿಗೆ ಜನ ಭೀಮ, ಕರಡಿ ಎಂದು ಹೆಸರಿಟ್ಟ ಹಾಗೆ ಯಂತ್ರವೂ ಮೆಲ್ಲಗೆ ತನಗೆ ಗುರುತಾದವಕ್ಕೆ ಹೆಸರಿಡಲು ಶುರುಮಾಡುತ್ತದೆ. ಬೆಳಗಿನ ಜಾವದ ಕೊನೆಯ ದಾಖಲೆ ಹೀಗಿದೆ: ಮರದಿಂದ ಮರಕ್ಕೆ. ಹಕ್ಕಿಯಲ್ಲ. ಗುರುತು ಸಿಗಲಿಲ್ಲ.

ಓದಿ ನನಗೆ ಮೈ ಜುಮ್ಮೆಂದಿತು. ಓತಿ ಎಂಬ ಮಾತನ್ನೇ ಬಳಸದೆ ಅವಳು ಓತಿಯನ್ನು ಕಣಿವೆಯಿಂದ ಕರೆದಿದ್ದಳು. ನನ್ನ ಜೊತೆ ತೀರ್ಪು ಕೊಡಲು ಕೂತಿದ್ದವರು ವಿಜ್ಞಾನದ ಮೇಷ್ಟ್ರು, ಕಾದಂಬರಿ ಓದುವ ರೂಢಿ ಇಲ್ಲದವರು. ಈ ಕೊನೆ ಹೇಗನ್ನಿಸಿತು ಎಂದು ಅವರನ್ನು ಕೇಳಿದೆ. "ಚೆನ್ನಾಗಿದೆ ಸರ್. ಅಷ್ಟೆಲ್ಲ ಗೊತ್ತಿರೋ ಮಿಷಿನ್ನಿಗೂ ಗೊತ್ತಿಲ್ಲದ್ದು ಕಾಡಲ್ಲಿ ಒಂದಿದೆ ಅಂತ ಹೇಳ್ತಾಳೆ. ಸೈನ್ಸ್ ಅಂದ್ರೆ ಅದೇ ಅಲ್ವಾ?" ಅಂದರು. 'ಕರ್ವಾಲೊ' ಓದದೆಯೇ ಅವರು ಅದರ ತಿರುಳಿಗೆ ಬಂದು ಮುಟ್ಟಿದ್ದರು. ನನ್ನ ಜುಮ್ಮು ಹೆಚ್ಚು, ಅವರ ತಿಳಿವು ಕಡಿಮೆ ಎಂದು ಹೇಳುವ ಹಕ್ಕು ನನಗಿಲ್ಲ. ಬಹುಮಾನ ಯಾರಿಗೆ ಎಂಬ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯಲಿಲ್ಲ.

ಇಷ್ಟು ಹೇಳಿದ ಮೇಲೂ ಒಳಗಿನವರ ತಮಾಷೆಯ ಪರವಾಗಿ ಒಂದು ಬಲವಾದ ಮಾತಿದೆ, ಅದನ್ನು ತಳ್ಳಿಹಾಕಲಾಗದು. ಬಳಗ ಉಳಿಯುವುದೇ ಇಂಥ ತಮಾಷೆಗಳಿಂದ. 'ಡಾಕ್ಟರ್ ಹೂ' ಸರಣಿಯನ್ನು ಬಿಬಿಸಿ 1989ರಲ್ಲಿ ನಿಲ್ಲಿಸಿತು. 1996ರ ಒಂದು ಟಿವಿ ಚಿತ್ರ ಬಿಟ್ಟರೆ 2005ರವರೆಗೆ ಅದು ತೆರೆಗೆ ಮರಳಲಿಲ್ಲ. ಆ ಬರಗಾಲದಲ್ಲಿ, 1991ರಿಂದ, ವರ್ಜಿನ್ ಪ್ರಕಾಶನ 60ಕ್ಕೂ ಹೆಚ್ಚು ಟಿಸಿಲು ಕಾದಂಬರಿಗಳನ್ನು ತಂದಿತು. ಬರೆದವರಲ್ಲಿ ಬಹಳ ಮಂದಿ ಅಭಿಮಾನಿಗಳೇ, ಓದಿದವರೂ ಅಭಿಮಾನಿಗಳೇ. ಹಳೆಯ ಕಂತುಗಳ ಸೂಕ್ಷ್ಮ ಉಲ್ಲೇಖಗಳು ಅವುಗಳಲ್ಲಿ ತುಂಬಿ ತುಳುಕುತ್ತಿದ್ದವು. ಆ ಬಳಗದಿಂದಲೇ ರಸೆಲ್ ಟಿ. ಡೇವಿಸ್ ಬಂದರು, 1996ರಲ್ಲಿ ಅಂಥದೊಂದು ಕಾದಂಬರಿ ಬರೆದಿದ್ದ ಅವರು 2005ರಲ್ಲಿ ಸರಣಿಗೆ ಮರುಜೀವ ಕೊಟ್ಟರು. ಒಳಗಿನವರು ಒಳಗೇ ಕಾಪಾಡಿಕೊಂಡಿರದಿದ್ದರೆ ಕಿಡಿ ಆರಿಹೋಗುತ್ತಿತ್ತು.

ನಿಜ. ಆದರೆ ಅದೇ ಚರಿತ್ರೆಯ ಮುಂದಿನ ಪುಟವನ್ನೂ ಓದಬೇಕು. ಆ 60ಕ್ಕೂ ಹೆಚ್ಚು ಪುಸ್ತಕಗಳಲ್ಲಿ 2007ರಲ್ಲಿ ಟಿವಿಗೆ ಏರಿ ಲೋಕದ ಕಣ್ಣಿಗೆ ಬಿದ್ದದ್ದು 'ಹ್ಯೂಮನ್ ನೇಚರ್', ನಾಯಕ ಎಲ್ಲವನ್ನೂ ಮರೆತ ಕಥೆ. ಬಳಗವನ್ನು ಕಾಪಾಡಿದ್ದು ಒಳಗಿನವರ ತಮಾಷೆ ಇರಬಹುದು. ಬಳಗವನ್ನು ಬೆಳೆಸಿದ್ದು ಹೊರಗಿನವರಿಗೂ ತಟ್ಟಿದ ಕಥೆ. ಕನ್ನಡದಲ್ಲೂ 2023ರ 'ಡೇರ್ ಡೆವಿಲ್ ಮುಸ್ತಾಫಾ' ಚಿತ್ರ ತೇಜಸ್ವಿಯವರ ಒಂದು ಸಣ್ಣ ಕಥೆಯನ್ನು ಹಿಗ್ಗಿಸಿದ ಟಿಸಿಲು. ಅವರ ಒಂದು ಸಾಲನ್ನೂ ಓದದ ಕಾಲೇಜು ಹುಡುಗರು ಅದನ್ನು ನೋಡಿ ನಕ್ಕರು. ಆ ನಗೆಯೇ ಅದರ ಬಲ.

ನಮ್ಮ ಪರಿಸ್ಥಿತಿಯಲ್ಲಿ ಇನ್ನೊಂದು ವಿಷಯ ಕೂಡುತ್ತದೆ. ಇಂಗ್ಲಿಷಿನ ವಿಜ್ಞಾನ ಕಥೆಗಳ ಮುಂದೆ ನಾವು ಕನ್ನಡ ಓದುಗರು ಬಹುಕಾಲ ಹೊರಗೆ ನಿಂತವರು. ಎಲ್ಲರೂ ನಗುವಾಗ ಏಕೆ ನಗುತ್ತಿದ್ದಾರೆಂದು ತಿಳಿಯದೆ, ಕೇಳಲು ನಾಚಿಕೆಪಟ್ಟು, ತಾವೂ ನಕ್ಕವರು ನಮ್ಮಲ್ಲಿ ಎಷ್ಟು ಜನರಿಲ್ಲ! ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೆ ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದ ಹುಡುಗಿ ಬರುತ್ತಾಳೆ. ತೋಟದ ಕೂಲಿ ಲೈನಿನಿಂದ ಬಂದ ಹುಡುಗ ಬರುತ್ತಾನೆ. ಅವರ ಕೈಗೆ ನಾವು ಕನ್ನಡದ ವಿಜ್ಞಾನ ಕಥೆ ಕೊಟ್ಟು, ಅದೂ ನಿನಗಲ್ಲ, ಮೊದಲು ಹತ್ತು ಇಂಗ್ಲಿಷ್ ಸಿನಿಮಾ ನೋಡಿ ಬಾ ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ತೇಜಸ್ವಿಯವರ ಹೆಸರಿನಲ್ಲೂ ಆ ಅನ್ಯಾಯ ಮಾಡಬಾರದು. ಕಿವಿ, ಪ್ಯಾರ, ಮಂದಣ್ಣ ಎಂದು ಮೂರು ಹೆಸರು ಉದುರಿಸಿ ತಮ್ಮ ಓದನ್ನು ತೋರಿಸಿಕೊಳ್ಳುವ ಕಥೆ ತೇಜಸ್ವಿಯವರ ಹಾದಿಗೆ ಸೇರಿದ್ದಲ್ಲ.

ಜನರ ನಡುವೆ ಇದು ಹೇಗೆ ಸಲೀಸಾಗಿ ನಡೆಯುತ್ತದೆಂದು ನೋಡಬೇಕಾದರೆ ನಮ್ಮ ಹಳ್ಳಿಗಳ ನಾಟಕಕ್ಕೆ ಹೋಗಬೇಕು. ಹಾಸನ ಸೀಮೆಯಲ್ಲಿ ಸುಗ್ಗಿ ಮುಗಿದರೆ 'ಕುರುಕ್ಷೇತ್ರ' ನಾಟಕಗಳ ಕಾಲ. ಬಾಡಿಗೆಯ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಬೆಳತನಕ ಕಂದಪದ್ಯ. ಶಕುನಿ ಪಗಡೆ ಉರುಳಿಸುತ್ತ ಊರಿನ ಕೆರೆ ಏರಿಯ ಕಾಮಗಾರಿಯ ಬಗ್ಗೆ ಒಂದು ಮಾತು ತೂರಿಸುತ್ತಾನೆ. ಊರಿನವರೆಲ್ಲ ಹೋ ಎನ್ನುತ್ತಾರೆ. ಪಕ್ಕದೂರಿನಿಂದ ಬಂದ ಬೀಗರೂ ನಗುತ್ತಾರೆ, ಏಕೆಂದರೆ ಮೋಸದ ಪಗಡೆಗೂ ಮೋಸದ ಕಾಮಗಾರಿಗೂ ನಂಟು ಅವರಿಗೂ ಹೊಳೆಯುತ್ತದೆ; ಕಾಂಟ್ರಾಕ್ಟರನ ಹೆಸರು ಗೊತ್ತಿರಬೇಕಾಗಿಲ್ಲ. ಸಕಲೇಶಪುರದ ಬೆಳ್ಳೇಕೆರೆಯಂಥ ಸಣ್ಣ ಊರಿನಲ್ಲಿ ತೋಟದ ಕೆಲಸದವರು, ರೈತರು ಸೇರಿ ವರ್ಷಗಟ್ಟಲೆ ಆಧುನಿಕ ನಾಟಕಗಳನ್ನೂ ಆಡಿದ್ದಾರೆ. ಆ ರಂಗಚರಿತ್ರೆಯನ್ನು ಪ್ರಸಾದ್ ರಕ್ಷಿದಿಯವರು 'ಬೆಳ್ಳೇಕೆರೆ ಹಳ್ಳಿ ಥೇಟರ್' ಪುಸ್ತಕದಲ್ಲಿ ಬರೆದಿದ್ದಾರೆ. ಪ್ರೇಕ್ಷಕರನ್ನು ಒಳಗು ಹೊರಗು ಮಾಡಿದ್ದರೆ ಅಂಥ ರಂಗಭೂಮಿ ಒಂದು ಮಳೆಗಾಲವನ್ನೂ ದಾಟುತ್ತಿರಲಿಲ್ಲ.

ಕಾನೂನಿನ ಮಾತೂ ಒಂದಿದೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಕೃತಿಗಳ ಹಕ್ಕು ವಾರಸುದಾರರದು. ತೇಜಸ್ವಿ 2007ರಲ್ಲಿ ತೀರಿಕೊಂಡದ್ದರಿಂದ 2067ರ ಕೊನೆಯವರೆಗೆ 'ಕರ್ವಾಲೊ'ದ ಮುಂದಿನ ಭಾಗವನ್ನು ಅನುಮತಿ ಇಲ್ಲದೆ ಬರೆದು ಪ್ರಕಟಿಸಲು ಹೊರಡುವುದು ಸರಿಯಲ್ಲ. ಪಾತ್ರಗಳನ್ನು ಇಡಿಯಾಗಿ ಎತ್ತಿಕೊಳ್ಳುವ ದಾರಿ ಹೀಗೆ ಮುಚ್ಚಿರುವುದು ಹೊಸಬರಿಗೆ ಒಂದು ರೀತಿಯಲ್ಲಿ ಒಳ್ಳೆಯದೇ. ಹೆಸರು ತರಲಾಗದವನು ಆ ಹೆಸರಿನ ಹಿಂದಿದ್ದ ಕುತೂಹಲವನ್ನು ತರಬೇಕಾಗುತ್ತದೆ. ಆ ಹೈಸ್ಕೂಲಿನ ಹುಡುಗಿ ತಂದದ್ದು ಅದನ್ನೇ.

ಕಥಾಸ್ಪರ್ಧೆ ನಡೆಸುವ ಸಂಘಗಳಿಗೆ, ವಿಶೇಷಾಂಕ ತರುವ ಸಂಪಾದಕರಿಗೆ, ಶಿಬಿರ ಮಾಡುವ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ. ವಿಜ್ಞಾನ ಕಥೆಗಳನ್ನು ಆರಿಸಲು ಕೂತಾಗ, ಮೂಲ ಕಥೆಯನ್ನು ಓದದ, ಆ ಸಿನಿಮಾಗಳನ್ನು ನೋಡದ ಒಬ್ಬರನ್ನಾದರೂ ತೀರ್ಪುಗಾರರಲ್ಲಿ ಸೇರಿಸಿಕೊಳ್ಳಿ. ಅವರಿಗೆ ಎಲ್ಲಿ ಕಥೆ ನಿಂತುಹೋಯಿತೋ ಆ ಸಾಲಿನ ಪಕ್ಕ ಒಂದು ಗುರುತು ಹಾಕಿಸಿ, ಬರೆದ ಹುಡುಗನಿಗೋ ಹುಡುಗಿಗೋ ಆ ಪ್ರತಿಯನ್ನು ವಾಪಸು ಕೊಡಿ. ತಿದ್ದಿ ತರಲು ಒಂದು ತಿಂಗಳು ಕಾಲಾವಕಾಶವನ್ನೂ ಕೊಡಿ.